ಪಟ್ಟಿಗರಗಸವನ್ನು ಕೊಳ್ಳುವ ಮೊದಲು

ಹೊಳಲ್ಕೆರೆ ತಾಲ್ಲೂಕಿನ ವಾಚಕ ಬಂಧುಗಳೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಕಿರಿಯ ಮಗನಿಗೆ ಮರಗೆಲಸದಲ್ಲಿ ಆಸಕ್ತಿ ಕುದುರಿದೆ. ಖಾಲಿ ಬಿದ್ದಿರುವ ದನದ ಕೊಟ್ಟಿಗೆಯಲ್ಲಿ ಪೂಜೆಯ ಮಣೆ, ತೊಟ್ಟಿಲು, ವ್ಯಾಸಪೀಠಗಳನ್ನು ಮಾಡಿ ಮಾರಬೇಕೆಂಬುದು ಅವನ ಹಂಬಲ. ಅಡಿಕೆ ಮಾರಿದ ಹಣದಲ್ಲಿ ಅಷ್ಟಿಷ್ಟು ಉಳಿದಿದೆಯಂತೆ. ಅದೇ ಹಣ ಮಗಳ ಮದುವೆಗೂ ಆಗಬೇಕಂತೆ. ಇದರಲ್ಲಿ ಬ್ಯಾಂಡ್‌ಸಾ ಕೊಡಿಸಬಹುದೇ, ಕೊಡಿಸುವುದಾದರೆ ಎಂಥದ್ದು ಎಂದು ಕೇಳಿದ್ದಾರೆ. ಶಾಸ್ತ್ರ ಓದಿದವರಿಗೆ ಗರಗಸದ ಗೊಡವೆ ಏಕೆಂದು ಕೆಲವರು ನಗಬಹುದು. ಕಾಯಕದ ಉಪಕರಣದ ಮಾತು ಈ ಪುಟಕ್ಕೆ ಹೊರಗಿನದೆಂದು ನಾವು ಭಾವಿಸಿಲ್ಲ.

ನಮ್ಮ ಬಾಲ್ಯದಲ್ಲಿ ದಿಮ್ಮಿ ಕೊಯ್ಯುವುದೆಂದರೆ ಇಬ್ಬರ ಕೆಲಸ. ಮೇಲೊಬ್ಬ, ಕೆಳಗೊಬ್ಬ ನಿಂತು ಉದ್ದನೆಯ ಗರಗಸವನ್ನು ದಿನವಿಡೀ ಎಳೆಯುತ್ತಿದ್ದರು. ಬ್ಯಾಂಡ್‌ಸಾ ಎಂಬ ಪಟ್ಟಿಗರಗಸದಲ್ಲಿ ಹಲ್ಲಿನ ಉಕ್ಕಿನ ಪಟ್ಟಿಯೊಂದು ಎರಡು ಚಕ್ರಗಳ ಮೇಲೆ ಕೊನೆಯಿಲ್ಲದೆ ಸುತ್ತುತ್ತದೆ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1808ರಲ್ಲಿಯೇ ಇದಕ್ಕೆ ಹಕ್ಕುಪತ್ರ ಪಡೆದಿದ್ದನು. ಆದರೆ ಪಟ್ಟಿಯ ತುದಿಗಳನ್ನು ಕೂಡಿಸಿದ ಬೆಸುಗೆ ನಿಲ್ಲದೆ ಯಂತ್ರವು ಮೂಲೆ ಸೇರಿತು. 1846ರಲ್ಲಿ ಆನ್ ಪೋಲಿನ್ ಕ್ರೆಪಿನ್ ಎಂಬ ಫ್ರೆಂಚ್ ಮಹಿಳೆ ಬೆಸೆಯುವ ಉತ್ತಮ ವಿಧಾನವನ್ನು ಕಂಡುಕೊಂಡ ಮೇಲೆ ಅದಕ್ಕೆ ಜೀವ ಬಂದಿತು. ಇಂದಿಗೂ ಅಗ್ಗದ ಪಟ್ಟಿ ಮೊದಲು ತುಂಡಾಗುವುದು ಬೆಸುಗೆಯಲ್ಲಿಯೇ.

ಯಂತ್ರಕ್ಕಿಂತ ಮೊದಲು ಮರವನ್ನು ನೋಡಬೇಕು. ಹೊಸದುರ್ಗದ ಕಡೆ ಮುದಿ ತೆಂಗು, ಹಿರಿಯೂರಿನ ಕಡೆ ಜಾಲಿ, ಬೇವು, ಎಲ್ಲೆಡೆ ಹಳೆಯ ಮನೆ ಕೆಡವಿದಾಗ ಸಿಗುವ ತೊಲೆ, ಕಂಬ. ತೆಂಗಿನ ಹೊರಮೈ ಸಾಧಾರಣ ಪಟ್ಟಿಯ ಹಲ್ಲನ್ನು ಬಹುಬೇಗ ಮೊಂಡಾಗಿಸುತ್ತದೆ. ಹಳೆಯ ತೊಲೆಯೊಳಗೆ ಮೊಳೆ ಅಡಗಿರುತ್ತದೆ. ಒಂದು ಮೊಳೆಗೆ ಒಂದು ಪಟ್ಟಿ ದಕ್ಷಿಣೆ. ಆದ್ದರಿಂದ ಯಂತ್ರದ ಬೆಲೆಯ ಜೊತೆಗೆ ಪಟ್ಟಿಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೇಜಿನ ಮೇಲಿಡುವ 8-9 ಅಂಗುಲದ ಚಕ್ರದ ಪುಟ್ಟ ಯಂತ್ರ ಅಗ್ಗ. ಅದು ಕೊಯ್ಯುವ ಎತ್ತರ ಸುಮಾರು 3-4 ಅಂಗುಲ. ಚಕ್ರ ಚಿಕ್ಕದಾದಷ್ಟೂ ಪಟ್ಟಿ ಹೆಚ್ಚು ಬಾಗಿ ಬೇಗ ದಣಿಯುತ್ತದೆ. ಪಟ್ಟಿಯ ದಪ್ಪ ಚಕ್ರದ ವ್ಯಾಸದ ಸಾವಿರದಲ್ಲೊಂದು ಭಾಗವನ್ನು ಮೀರಬಾರದೆಂಬುದು ಹಳೆಯ ಲೆಕ್ಕ. 14 ಅಂಗುಲದ ಚಕ್ರ, ಬೀಡುಕಬ್ಬಿಣದ ಮೇಜು, 1 ಅಶ್ವಶಕ್ತಿಯ ಮೋಟಾರು ಉಳ್ಳ ಯಂತ್ರವು 6 ಅಂಗುಲದ ತುಂಡನ್ನು ಸೀಳುತ್ತದೆ. ಮನೆಯ ಕೆಲಸಕ್ಕೆ ಇಷ್ಟು ಧಾರಾಳ. ಹಿರಿಯೂರಿನ ತೇರುಮಲ್ಲೇಶ್ವರನ ರಥಕ್ಕೆ ಗಾಲಿ ಮಾಡುವವರ ಮಾತು ಬೇರೆ.

ಪಟ್ಟಿಯ ಅಗಲವೂ ಮುಖ್ಯ. ಕಾಲಂಗುಲದ ಪಟ್ಟಿ ತೊಟ್ಟಿಲಿನ ಕಮಾನಿನಂಥ ಬಳುಕನ್ನು ಸುಲಭವಾಗಿ ತಿರುಗುತ್ತದೆ. ಅರ್ಧ ಅಂಗುಲದ್ದಕ್ಕೆ ಸುಮಾರು ಎರಡೂವರೆ ಅಂಗುಲ ತ್ರಿಜ್ಯದ ತಿರುವು ಬೇಕು. ಹಲಗೆ ಸೀಳಲು ಅಂಗುಲಕ್ಕೆ 3 ಹಲ್ಲಿನ ಅಗಲ ಪಟ್ಟಿ, ನಯವಾದ ಬಳುಕಿಗೆ 6ರಿಂದ 10 ಹಲ್ಲಿನ ಪಟ್ಟಿ. ಬೆಲೆ ಕೇಳುವ ಮೊದಲು, ಸುರುಳಿಯಿಂದ ಕತ್ತರಿಸಿ ಬೆಸೆದುಕೊಡುವವರು ಚಿತ್ರದುರ್ಗದಲ್ಲಿಯೋ ದಾವಣಗೆರೆಯಲ್ಲಿಯೋ ಇದ್ದಾರೆಯೇ ಎಂದು ವಿಚಾರಿಸಿರಿ. ಪಟ್ಟಿಗಾಗಿ ಬೆಂಗಳೂರಿನ ಪಾರ್ಸಲ್ ಕಾಯುವ ಯಂತ್ರ ಅಗ್ಗದ್ದಲ್ಲ.

ಕೈಬದಲಾದ ಯಂತ್ರವನ್ನು ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಬಡವನಿಗೆ ಅದೇ ಒಳ್ಳೆಯ ದಾರಿ, ಕಣ್ಣಿದ್ದರೆ. ಚಕ್ರದಲ್ಲಿ ಬಿರುಕಿದೆಯೇ, ಅದರ ರಬ್ಬರ್ ಹೊದಿಕೆ ಒಣಗಿ ಸೀಳಿದೆಯೇ ನೋಡಬೇಕು. ಪಟ್ಟಿ ತೆಗೆಸಿ ಚಕ್ರವನ್ನು ಕೈಯಿಂದ ಅಲುಗಾಡಿಸಿದರೆ ಬೇರಿಂಗಿನ ಸವೆತ ತಿಳಿಯುತ್ತದೆ. ಬಳಿಕ ಯಂತ್ರ ನಡೆಯುವಾಗ ದಪ್ಪನೆಯ 5 ರೂಪಾಯಿ ನಾಣ್ಯವನ್ನು ಮೇಜಿನ ಮೂಲೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿರಿ. ನಿಲ್ಲಿಸುತ್ತಲೇ ಉರುಳಿದರೆ ಕಂಪನದ ಕಾರಣವನ್ನು ಕೇಳಿರಿ. ಇನ್ನೊಂದು ಮಾತನ್ನು ಮಾರುವವನು ತಾನಾಗಿ ಹೇಳುವುದಿಲ್ಲ. ಕಾರ್ಖಾನೆಯಿಂದ ಬಂದ ಹಳೆಯ ಯಂತ್ರಗಳಿಗೆ ಬಹುತೇಕ ಮೂರು ಫೇಸಿನ ಮೋಟಾರು. ಮನೆಯಲ್ಲಿರುವುದು ಒಂದೇ ಫೇಸು. ಮೋಟಾರು ಬದಲಿಸುವ ಖರ್ಚು ಸೇರಿದರೆ ಅಗ್ಗದ ಸಾಮಾನು ಅಗ್ಗವಾಗಿ ಉಳಿಯದು. ಸಂಜೆಯ ವೇಳೆ ಹಳ್ಳಿಯಲ್ಲಿ ವೋಲ್ಟೇಜು ಇಳಿದಾಗ ಸೀಳುವ ಕೆಲಸಕ್ಕೆ ಹಿಡಿದರೆ ಮೋಟಾರಿನ ಸುರುಳಿ ಸುಡುತ್ತದೆ. ಹಾಗೆಯೇ ಬಾಡಿಗೆಗೆ ಕೊಯ್ದುಕೊಡುವುದಾದರೆ ಗೃಹಜ್ಯೋತಿಯ ಮನೆಮೀಟರು ಅದಕ್ಕಲ್ಲ; ಬೆಸ್ಕಾಂ ಕಚೇರಿಯಲ್ಲಿ ಬೇರೆ ಸಂಪರ್ಕ ಕೇಳಬೇಕು.

ಇದಕ್ಕಿಂತ ದೊಡ್ಡ ವಿಚಾರ ಅರಣ್ಯ ಇಲಾಖೆಯದು, ಇದನ್ನು ಮರೆತು ಹಣ ಸುರಿಯಬಾರದು. ಕರ್ನಾಟಕದಲ್ಲಿ ಸಾ ಮಿಲ್ಲಿಗೆ ಪರವಾನಗಿ ಬೇಕು. ಮರ ಆಧಾರಿತ ಉದ್ದಿಮೆಗಳ ಬಗ್ಗೆ ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಕೊಯ್ದ ಮರದಿಂದ ಪೀಠೋಪಕರಣ ಮಾಡುವ ಸಣ್ಣವರಿಗೆ ವಿನಾಯಿತಿ ಕೊಡುವಾಗ, ಬ್ಯಾಂಡ್‌ಸಾ ಇಲ್ಲದವರಿಗೆಂದೂ, 30 ಸೆಂ.ಮೀ. ಮೀರಿದ ವೃತ್ತಗರಗಸ ಇಲ್ಲದವರಿಗೆಂದೂ ಷರತ್ತು ಹಾಕಿತು. ಹಾಗಾಗಿ ಕೊಟ್ಟಿಗೆಯ ಯಂತ್ರ ಚಿಕ್ಕದೆಂದು ಸುಮ್ಮನಿರದೆ, ಮುಂಗಡ ಕೊಡುವ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿರಿ. ಬಾಯಿಮಾತಿನ ಅಭಯ ಸಾಲದು. ಸ್ವಂತ ಹೊಲದ ಮರವನ್ನು ಕಡಿಯಲೂ 1976ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನೇಕ ಜಾತಿಗಳಿಗೆ ಅನುಮತಿ ಬೇಕು. ಕೊಂಡ ಮರಕ್ಕೆ ರಸೀದಿ ಇಟ್ಟುಕೊಳ್ಳಿರಿ.

ಅನುಮತಿಯ ತೊಡಕು ಕಂಡರೆ ಪಟ್ಟಿಗರಗಸವನ್ನು ಸದ್ಯಕ್ಕೆ ಬಿಡುವುದೇ ಲೇಸು. ದಿಮ್ಮಿಯನ್ನು ಪರವಾನಗಿಯುಳ್ಳ ಮಿಲ್ಲಿನಲ್ಲಿ ಕೊಯ್ಯಿಸಿ ತಂದು, ಬಳುಕಿನ ಕೆಲಸವನ್ನು ಕೈಯಲ್ಲಿ ಹಿಡಿಯುವ ವಿದ್ಯುತ್ ಜಿಗ್‌ಸಾದಿಂದ ಮುಗಿಸಬಹುದು. ಉಳಿ, ಬಾಚಿ, ಕೈಗರಗಸ ಹಿಡಿದು ವರ್ಷ ದುಡಿದವನಿಗೆ ತನಗೆ ಯಾವ ಯಂತ್ರ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಮದುವೆಯ ಹಣವೂ ಉಳಿಯುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು, ಶೇಕಡ 5ರ ಬಡ್ಡಿಯಲ್ಲಿ ಮೊದಲ ಕಂತಿನ ಸಾಲ 1 ಲಕ್ಷದವರೆಗೆ. ಆದರೆ ಅದು ಈಗಾಗಲೇ ಕಸುಬಿನಲ್ಲಿ ತೊಡಗಿದವರಿಗೆ, ಕುಟುಂಬದಲ್ಲಿ ಒಬ್ಬರಿಗೆ ಮಾತ್ರ.

ಯಂತ್ರ ಬಂದೇ ಬಂದರೆ ಮನೆಯ ಹಿರಿಯರು ಕೆಲವು ಕಟ್ಟಳೆ ವಿಧಿಸಬೇಕು. ಪಂಚೆ, ಹೆಗಲವಸ್ತ್ರ, ಕೈಚೀಲಗಳೊಡನೆ ಅದರ ಬಳಿ ನಿಲ್ಲಬಾರದು. ಹೆಣ್ಣುಮಕ್ಕಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಇಷ್ಟಲಿಂಗ ಧರಿಸಿದವರು ಶಿವದಾರವನ್ನೂ ಕರಡಿಗೆಯನ್ನೂ ಅಂಗಿಯ ಒಳಗೆ ಭದ್ರವಾಗಿ ಸೇರಿಸಿಕೊಳ್ಳಬೇಕು. ಬಾಗಿದಾಗ ಜೋತುಬಿದ್ದ ದಾರವನ್ನು ಪಟ್ಟಿ ಸೆಳೆದರೆ ಕೊರಳನ್ನೇ ಸೆಳೆಯುತ್ತದೆ. ಕಾವಲುಪಟ್ಟಿಯು ಮರದಿಂದ ಒಂದು ಬೆರಳಿನಷ್ಟೇ ಮೇಲಿರಲಿ. ಗುಂಡಿ ಒತ್ತಿ ನಿಲ್ಲಿಸಿದ ಮೇಲೂ ಪಟ್ಟಿ ಕೆಲವು ಕ್ಷಣ ಸದ್ದಿಲ್ಲದೆ ಓಡುತ್ತದೆ, ಮಕ್ಕಳು ಬೆರಳು ಕೊಡುವುದು ಆಗಲೇ. ಮರದ ನುಣುಪು ಧೂಳು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ವರ್ಗೀಕರಿಸಿದೆ. ಆದ್ದರಿಂದ ಕೊಟ್ಟಿಗೆಗೂ ಅಡುಗೆಮನೆಗೂ ನಡುವಿನ ಬಾಗಿಲು ಮುಚ್ಚಿರಲಿ, ಮೂಗಿಗೆ ಮುಸುಕಿರಲಿ. ದಿನದ ಕೆಲಸ ಮುಗಿದ ಮೇಲೆ ಪ್ಲಗ್ಗನ್ನು ಕಿತ್ತು ಪಟ್ಟಿಯ ಬಿಗಿಯನ್ನು ಸಡಿಲಿಸಿಡಿರಿ. ರಾತ್ರಿಯಿಡೀ ಬಿಗಿದ ಪಟ್ಟಿಯಡಿ ರಬ್ಬರಿನಲ್ಲಿ ತಗ್ಗು ಬೀಳುತ್ತದೆ.