ತುರ್ತು ಚಿಕಿತ್ಸೆ: ಶಿಫಾರಸು ಪತ್ರಕ್ಕೆ ಕಾಯಬೇಕೇ?

ರಾತ್ರಿ ಹೊತ್ತು ಎದೆನೋವು ಕಾಣಿಸಿಕೊಂಡರೆ ಮೊದಲು ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ತರಬೇಕೇ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬಹುದೇ? ವಾಳೆಯ ಸಭೆಗಳಲ್ಲಿ ಆಯುಷ್ಮಾನ್ ಕಾರ್ಡಿನ ಮಾತು ಬಂದಾಗ ಏಳುವ ಪ್ರಶ್ನೆ ಇದು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ಗರಿಷ್ಠ 1.5 ಲಕ್ಷ. ಆದರೆ ರೋಗಿ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಕಳುಹಿಸುತ್ತಾರೆ. ಈ ಕ್ರಮ ತಪ್ಪೆನ್ನಲಾಗದು. ಎಲ್ಲರೂ ನೇರವಾಗಿ ಖಾಸಗಿಗೆ ನುಗ್ಗಿದರೆ ಹಣವೂ ಸಾಲದು, ವೆನ್ಲಾಕ್‌ನಂಥ ಆಸ್ಪತ್ರೆಗಳೂ ಸೊರಗುತ್ತವೆ. ತುರ್ತು ಚಿಕಿತ್ಸೆಗೆ ಮಾತ್ರ ಪತ್ರ ಬೇಕಿಲ್ಲ. ಇದು ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿದಿಲ್ಲ.

ತೊಡಕು ಇರುವುದು ಬೇರೆ ಕಡೆ. ಯೋಜನೆ ಪಟ್ಟಿ ಮಾಡಿರುವುದು ಚಿಕಿತ್ಸೆಗಳನ್ನು, ರೋಗಲಕ್ಷಣಗಳನ್ನಲ್ಲ. ಹೃದಯಾಘಾತವೆಂದು ಖಚಿತವಾದರೆ ಸರಿ. ಪರೀಕ್ಷೆಯ ಬಳಿಕ ಬರೇ ಗ್ಯಾಸ್ ಎಂದು ತಿಳಿದರೆ ಇಸಿಜಿ, ರಕ್ತಪರೀಕ್ಷೆಯ ಬಿಲ್ಲು ಮನೆಯವರ ತಲೆಗೇ ಬರುತ್ತದೆ. ಆ ಭಯಕ್ಕೆ ‘ಬೆಳಗಾಗಲಿ, ನೋಡುವ’ ಎಂದು ಕಾದು ಕುಳಿತವರಿಗೆ ಬೆಳಗಿನ ಹೊತ್ತಿಗೆ ಚಿಕಿತ್ಸೆಯ ಅಮೂಲ್ಯ ಸಮಯ ಕಳೆದಿರುತ್ತದೆ.

ಅಮೆರಿಕದಲ್ಲಿ ಈ ಜಗಳ ಹಳೆಯದು. ಅಲ್ಲಿನ ‘ಮ್ಯಾನೇಜ್ಡ್ ಕೇರ್’ ವಿಮಾ ಯೋಜನೆಗಳು ಮುಂಗಡ ಅನುಮತಿ ಪಡೆಯದೆ ತುರ್ತು ವಿಭಾಗಕ್ಕೆ ಹೋದವರ ಬಿಲ್ಲನ್ನು ನಿರಾಕರಿಸುತ್ತಿದ್ದವು. 1997ರ ಕಾನೂನು ಮೆಡಿಕೇರ್, ಮೆಡಿಕೈಡ್ ಅಡಿಯ ಇಂಥ ಯೋಜನೆಗಳಿಗೆ, 2010ರ ಕಾನೂನು ಹೆಚ್ಚಿನ ಖಾಸಗಿ ವಿಮೆಗಳಿಗೆ ಹೊಸ ಅಳತೆಗೋಲು ಕೊಟ್ಟವು: ಕೊನೆಗೆ ಯಾವ ರೋಗವೆಂದು ತಿಳಿಯಿತು ಎಂಬುದಲ್ಲ, ಸಾಮಾನ್ಯ ತಿಳುವಳಿಕೆಯ ವ್ಯಕ್ತಿಗೆ ಆ ಹೊತ್ತಿನಲ್ಲಿ ಆರೋಗ್ಯಕ್ಕೆ ಗಂಭೀರ ಅಪಾಯ ಅನ್ನಿಸುವಂತಿತ್ತೇ ಎಂಬುದು ಮುಖ್ಯ. (ಅಮೆರಿಕದ ಆಸ್ಪತ್ರೆ ಖರ್ಚು ಯಾರಿಗೂ ಮಾದರಿಯಲ್ಲ; ಈ ಒಂದು ನಿಯಮವನ್ನು ಮಾತ್ರ ಎರವಲು ಪಡೆಯಬಹುದು.)

ನಮ್ಮಲ್ಲಿ ತುರ್ತು ರೋಗಿಯ ಪ್ರಾಣ ಉಳಿಸುವುದು ಸರಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಹಣ ಯಾರು ಕೊಡಬೇಕೆಂಬುದು ಆ ತೀರ್ಪಿನಿಂದ ಬಗೆಹರಿದಿಲ್ಲ.

ಸರಕಾರದ ನಿಯಮ ಬದಲಾಗುವ ತನಕ ಧರ್ಮಕೇಂದ್ರಗಳು ಒಂದು ಕೆಲಸ ಮಾಡಬಹುದು. ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ದೊಡ್ಡ ಆಪರೇಷನ್‌ಗಳಿಗೆ ನೆರವಾಗುತ್ತಾರೆ. ‘ಏನೂ ಇಲ್ಲ’ ಎಂದು ವೈದ್ಯರು ಮನೆಗೆ ಕಳುಹಿಸಿದ ಆ ರಾತ್ರಿಯ ಸಣ್ಣ ಬಿಲ್ಲಿಗೂ ಸ್ವಲ್ಪ ಹಣ ತೆಗೆದಿರಿಸಿದರೆ, ಗುರಿಕಾರರು ಧೈರ್ಯದಿಂದ ‘108ಕ್ಕೆ ಫೋನ್ ಮಾಡಿ, ಈಗಲೇ ಹೊರಡಿ’ ಎನ್ನಬಹುದು.