ಹಸಿದ ಬೇರಿನ ಓಲೆ

ಮಕ್ಕಳೇ, ನನ್ನ ಮೊಮ್ಮಗಳ ಮೆಣಸಿನಕಾಯಿ ಗಿಡದ ಕೆಳಗಿನ ಎಲೆಗಳು ಹಳದಿಯಾದವು. “ಗಿಡ ಹಸಿದಿದೆ” ಎಂದೆ. “ಬೇರಿಗೆ ಹಸಿವಾದರೆ ಎಲೆಗೆ ಹೇಗೆ ಗೊತ್ತಾಗುತ್ತೆ ತಾತ? ಗಿಡಕ್ಕೆ ತಲೆಯೇ ಇಲ್ಲವಲ್ಲ!” ಎಂದಳು.

ತಲೆಯಿಲ್ಲದಿದ್ದರೂ ಗಿಡದೊಳಗೆ ಅಂಚೆ ಇದೆ! ಗಿಡಕ್ಕೆ ಬೇಕಾದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ರೂಪದಲ್ಲಿರುತ್ತದೆ. ಅದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಸಿಗದೆ ಹಸಿದ ಬೇರು ಪುಟ್ಟ ಪ್ರೋಟೀನ್ ತುಣುಕೊಂದನ್ನು ತಯಾರಿಸಿ, ಮೇಲೇರುವ ನೀರಿನ ಜೊತೆ ಎಲೆಗೆ ಕಳಿಸುತ್ತದೆ. ಎಲೆಯ ಜೀವಕೋಶ ಅದನ್ನು ಗುರುತಿಸಿ, ಇನ್ನೊಂದು ಓಲೆಯನ್ನು ಕೆಳಗೆ ಕಳಿಸುತ್ತದೆ. ಅದು ಎಲ್ಲ ಬೇರಿಗೂ ತಲುಪುತ್ತದೆ; ಆದರೆ ನೈಟ್ರೇಟ್ ಇರುವ ಕಡೆಯ ಬೇರು ಮಾತ್ರ ಹೆಚ್ಚು ಹೀರಿ, ಹಸಿದ ಬೇರಿನ ಕೊರತೆಯನ್ನೂ ತುಂಬುತ್ತದೆ.

ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಮೊದಲ ಓಲೆಯನ್ನು 2014ರಲ್ಲಿ, ಎರಡನೆಯದನ್ನು 2017ರಲ್ಲಿ ಪತ್ತೆಹಚ್ಚಿದರು.

ಕೆಳಗಿನ ಎಲೆಗಳೇ ಮೊದಲು ಹಳದಿಯಾಗುವುದೇಕೆ? ಸಾರಜನಕ ಸಾಲದಾದಾಗ ಹಳೆಯ ಎಲೆ ತನ್ನಲ್ಲಿರುವುದನ್ನು ಚಿಗುರಿಗೆ ಬಿಟ್ಟುಕೊಡುತ್ತದೆ. ಈ ಗುಣ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ಗೊತ್ತು!

ಇಷ್ಟು ಕೇಳಿದ್ದೇ ತಡ, ಮೊಮ್ಮಗಳು ಬೊಗಸೆ ತುಂಬ ಯೂರಿಯಾ ತಂದಳು. “ಬೇಡ ಪುಟ್ಟಿ! ಹೆಚ್ಚಾದರೆ ಬೇರಿನ ನೀರೇ ಹೊರಬಂದು ಗಿಡ ಸುಟ್ಟಂತಾಗುತ್ತೆ. ನಾನು ಹಾಗೆ ಮಾಡಿ ಒಂದು ಗುಲಾಬಿ ಗಿಡ ಕಳೆದುಕೊಂಡೆ” ಎಂದೆ. ಒಂದು ಹಿಡಿ ಎರೆಗೊಬ್ಬರ ಹಾಕಿ ನೀರುಣಿಸಿದೆವು. ಹಳದಿ ಎಲೆ ಮತ್ತೆ ಹಸಿರಾಗದು. ನಾವು ಕಾಯುತ್ತಿರುವುದು ಹೊಸ ಚಿಗುರಿಗೆ.