ಬೆಕ್ಕನ್ನು ಧಕ್ಕೆಯಲ್ಲಿ ಬಿಡುವ ಮುನ್ನ

ಕಳೆದ ಜೂನ್‌ನಲ್ಲಿ ನಮ್ಮ ಮನೆಯ ಬೆಕ್ಕು ಮಿನ್ನು, ತಿಂದ ಹತ್ತು ನಿಮಿಷಕ್ಕೆಲ್ಲ ವಾಂತಿ ಮಾಡತೊಡಗಿತು. ಒಮ್ಮೆ ಚಾಪೆಯ ಮೇಲೆ, ಒಮ್ಮೆ ನನ್ನ ಅಕೌಂಟೆನ್ಸಿ ಪುಸ್ತಕದ ಮೇಲೆ. ದಾದಿಯ ಜಾನಮಾಜ್ ಮೇಲೆ ವಾಂತಿ ಮಾಡಿದ ದಿನ ಅಬ್ಬಾ ತೀರ್ಮಾನಿಸಿಬಿಟ್ಟರು: "ಇದನ್ನು ಧಕ್ಕೆಯಲ್ಲಿ ಬಿಟ್ಟು ಬರೋಣ. ಮೀನು ತಿಂದುಕೊಂಡು ಇರುತ್ತದೆ."

ನಮ್ಮಲ್ಲಿ ಇದು ಹೊಸ ಮಾತಲ್ಲ. ಬೇಡವಾದ ಬೆಕ್ಕನ್ನು ಗೋಣಿಯಲ್ಲಿ ಹಾಕಿ ಮೀನು ಸಿಗುವ ಜಾಗದಲ್ಲಿ ಬಿಡುವುದನ್ನು ಅನೇಕರು ದಯೆ ಎಂದೇ ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. "ಅಬ್ಬಾ, ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್‌ಗಳು ಕಡಲಿಗೆ ಇಳಿಯುವುದಿಲ್ಲ. ಈಗ ಧಕ್ಕೆಯಲ್ಲಿ ಅದಕ್ಕೆ ಮೀನು ಎಲ್ಲಿಂದ ಸಿಗುತ್ತದೆ?" ಎಂದೆ. ಅಬ್ಬಾ ಸುಮ್ಮನಾದರು. ನನಗೆ ಒಂದು ವಾರ ಸಿಕ್ಕಿತು.

ಕಾಮರ್ಸ್ ಓದುವ ನನಗೆ ಗೊತ್ತಿರುವುದು ಲೆಕ್ಕ ಬರೆಯುವುದು. ಹಳೆಯ ನೋಟ್‌ಬುಕ್‌ನ ಎಡಗಡೆ ಮಿನ್ನು ಏನು, ಎಷ್ಟು, ಯಾವಾಗ ತಿಂದಿತು ಎಂದು ಬರೆದೆ. ಬಲಗಡೆ ಯಾವಾಗ, ಏನು ಹೊರಬಂತು ಎಂದು. ಮೂರೇ ದಿನದಲ್ಲಿ ವಿಷಯ ತಿಳಿಯಿತು. ಮೇ ಮುಗಿಯುವವರೆಗೆ ಅಮ್ಮಿ ಬೂತಾಯಿ, ಬಂಗುಡೆ ಬೇಯಿಸಿ ಹಾಕುತ್ತಿದ್ದರು. ಮೀನು ತುಟ್ಟಿಯಾದಾಗ ಒಮ್ಮೆಲೇ ಪ್ಯಾಕೆಟ್ ಆಹಾರಕ್ಕೆ ಬದಲಾಯಿಸಿದ್ದೆವು. ಅದೂ ದಿನಕ್ಕೆ ಒಂದೇ ಸಲ, ತಟ್ಟೆ ತುಂಬ. ಪಕ್ಕದ ಮನೆಯ ಗಂಡುಬೆಕ್ಕು ಬಾಗಿಲಲ್ಲೇ ಹೊಂಚು ಹಾಕುತ್ತಿದ್ದುದರಿಂದ ಮಿನ್ನು ಅಗಿಯದೆ ನುಂಗುತ್ತಿತ್ತು. ಹೊರಬರುತ್ತಿದ್ದುದು ಇಡೀ ಕಾಳುಗಳೇ. ಮೇಲಿಂದ ಒಂದು ಬಟ್ಟಲು ಹಾಲು ಬೇರೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲ. ತಪ್ಪೆಲ್ಲ ನಮ್ಮದೇ ಆಗಿತ್ತು.

ಅದೇ ಆಹಾರವನ್ನು ನಾಲ್ಕು ಪಾಲು ಮಾಡಿ, ಅಗಲವಾದ ತಟ್ಟೆಯಲ್ಲಿ ಹರಡಿ, ಬಾಗಿಲು ಹಾಕಿ ಕೊಟ್ಟೆವು. ಹಾಲು ನಿಲ್ಲಿಸಿ ನೀರು ಇಟ್ಟೆವು. ಪಶುವೈದ್ಯರಿಗೆ ನೋಟ್‌ಬುಕ್ ತೋರಿಸಿದೆ. ಅವರು ತೂಕ ನೋಡಿ, ಜಂತುಹುಳದ ಔಷಧಿ ಕೊಟ್ಟರು. ಮುಂದೆ ಆಹಾರ ಬದಲಿಸುವುದಿದ್ದರೆ ವಾರ ಹತ್ತು ದಿನ ಹಳೆಯದರೊಂದಿಗೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಬೇಕು ಎಂದರು. ಎರಡನೇ ವಾರಕ್ಕೆ ನೋಟ್‌ಬುಕ್‌ನ ಬಲಗಡೆ ಖಾಲಿಯಾಗಿತ್ತು.

ಎಲ್ಲ ವಾಂತಿಯೂ ಇಷ್ಟು ಸುಲಭದ್ದಲ್ಲ. ಬೆಕ್ಕು ಒಂದು ದಿನವಿಡೀ ಏನೂ ತಿನ್ನದಿದ್ದರೆ, ಕುಡಿದ ನೀರೂ ಹೊರಬಂದರೆ, ರಕ್ತ ಕಂಡರೆ, ದಾರ ನುಂಗಿದ್ದರೆ ಅಥವಾ ಮರಿ ಸಪ್ಪಗೆ ಮಲಗಿಬಿಟ್ಟರೆ ಲೆಕ್ಕ ಬರೆಯುತ್ತಾ ಕೂರಬಾರದು. ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಮಾತ್ರೆಗಳನ್ನಂತೂ ಕೊಡಲೇಬಾರದು. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಮೀನುಸಾರಿನ ಅನ್ನವೂ ಒಳ್ಳೆಯದಲ್ಲ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸರಿಯಾದ ಕಾರಣವಿಲ್ಲದೆ ತೊರೆಯುವುದು ಅಪರಾಧ. ಈ ಕಾಯ್ದೆ ಗೊತ್ತಾಗುವ ಮೊದಲೇ, ಬೆಕ್ಕನ್ನು ಕೂಡಿಹಾಕಿ ಉಪವಾಸ ಕೆಡವಿದ ಹೆಂಗಸಿನ ಹದೀಸನ್ನು ನಮ್ಮಲ್ಲಿ ಹಲವರು ಮದ್ರಸದಲ್ಲಿ ಕೇಳಿದ್ದೇವೆ. ಕೂಡಿಹಾಕಿ ಉಪವಾಸ ಕೆಡವಿದರೂ, ಮೀನಿಲ್ಲದ ಧಕ್ಕೆಯಲ್ಲಿ ಬಿಟ್ಟು ಬಂದರೂ ಬೆಕ್ಕಿನ ಹೊಟ್ಟೆಗೆ ಏನು ವ್ಯತ್ಯಾಸ?

ಮಿತ್ರರೇ, ನಿಮ್ಮ ಮನೆಯಲ್ಲೂ ಇಂಥ ಮಾತು ಬಂದರೆ ಹಿರಿಯರೊಂದಿಗೆ ಜಗಳಕ್ಕೆ ಇಳಿಯಬೇಡಿ. ಒಂದು ವಾರ ಕೇಳಿಕೊಳ್ಳಿ. ಹಳೆಯ ನೋಟ್‌ಬುಕ್‌ನ ಎರಡು ಖಾಲಿ ಪುಟ ಸಾಕು.